ಅಪ್ಪನ ಹಳೆ ಲ್ಯಾಪ್‌ಟಾಪ್, ಹತ್ತು ವರ್ಷದ ನುಡಿ ಫೈಲುಗಳು: ಮುಕ್ತ ತಂತ್ರಾಂಶಕ್ಕೆ ಹೋಗಬಹುದಾ?

ಹನುಮಂತನಗರ_ಮಗಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ವಯಸ್ಸು 74. ಅವರ ಲ್ಯಾಪ್‌ಟಾಪ್ 2015ರಲ್ಲಿ ಕೊಂಡದ್ದು. ಐ3, ಐದನೇ ತಲೆಮಾರಿನ ಪ್ರೊಸೆಸರ್, 4 ಜಿಬಿ ರ‍್ಯಾಮ್, ಒಳಗೆ ಹಳೆ ಹಾರ್ಡ್ ಡಿಸ್ಕ್. ವಿಂಡೋಸ್ 10 ಇದೆ. ದಿನಾ ಬೆಳಿಗ್ಗೆ ಕಾಫಿ ಆದ ಮೇಲೆ ಎರಡು ಗಂಟೆ ಅದರ ಮುಂದೆ ಕೂರುತ್ತಾರೆ. ತಮ್ಮ ಊರಿನ, ತಾವು ಪಾಠ ಮಾಡಿದ ಶಾಲೆಗಳ ನೆನಪು ಬರೆಯುತ್ತಾರೆ. ನಮ್ಮ ಬೀದಿಯ ದೇವಸ್ಥಾನದ ಟ್ರಸ್ಟ್ ಲೆಕ್ಕ ನೋಡುತ್ತಾರೆ. ಸಂಜೆ ಅಮ್ಮನಿಗೆ ಹಳೆ ಹಾಡು ಹಾಕಿಕೊಡುತ್ತಾರೆ. ಅಷ್ಟೇ ಬಳಕೆ.

ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂಗಡಿಗೆ ತೆಗೆದುಕೊಂಡು ಹೋದರೆ, ಇದಕ್ಕೆ 11 ಬರುವುದಿಲ್ಲ, ಎಕ್ಸ್‌ಚೇಂಜ್‌ಗೆ ಹಾಕಿ ಹೊಸದು ತಗೊಳ್ಳಿ ಅಂದರು. ಬೇಡ ಅಂದದ್ದಕ್ಕೆ, ಹೇಗೋ 11 ಹಾಕಿ ಆಫೀಸ್ ಕೂಡ 'ಫ್ರೀಯಾಗಿ' ಹಾಕಿಕೊಡುತ್ತೇವೆ ಅಂದರು. ಅದು ಕದ್ದ ಕಾಪಿ ಅಂತ ಗೊತ್ತಾಗಿ ಅಪ್ಪ ಒಪ್ಪಲಿಲ್ಲ. 'ಮಕ್ಕಳಿಗೆ ಕಾಪಿ ಹೊಡೆಯಬೇಡಿ ಅಂತ 33 ವರ್ಷ ಹೇಳಿದ್ದೇನೆ' ಅಂದರು. ಮಾತು ಅಲ್ಲಿಗೆ ಮುಗಿಯಿತು.

ನನ್ನ ಸಹೋದ್ಯೋಗಿಯೊಬ್ಬರು ವಿಂಡೋಸ್ ಬದಲು ಲಿನಕ್ಸ್ ಹಾಕಿ, ಆಫೀಸ್ ಬದಲು ಲಿಬ್ರೆಆಫೀಸ್ ಹಾಕಿ, ಎಲ್ಲಾ ಮುಕ್ತ ತಂತ್ರಾಂಶ, ಉಚಿತ ಅಂದರು. ನನಗೆ ಇರುವ ದೊಡ್ಡ ಭಯ ಬೇರೆ. ಅಪ್ಪನ ಹತ್ತು ವರ್ಷದ ಬರಹ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಇದೆ. ಸುಮಾರು 140 ಫೈಲು. ನನ್ನ ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಒಂದನ್ನು ತೆರೆದೆ. ಕನ್ನಡ ಎಲ್ಲಿದೆ? ತಲೆ ಮೇಲೆ ಚುಕ್ಕೆ, ಗೆರೆ, ಟೋಪಿ ಇಟ್ಟ ಇಂಗ್ಲಿಷ್ ಅಕ್ಷರಗಳ ಸಾಲು. ಎದೆ ಧಸಕ್ ಅಂತು. ಎಲ್ಲಾ ಹೋಯಿತಾ ಅನ್ನಿಸಿತು.

ಇಂಥ ಮನೆ ಬಳಕೆಗೆ ಮುಕ್ತ ತಂತ್ರಾಂಶ ನಿಜವಾಗಿ ಸಾಕಾ? ಮಾಡಿದವರು ಹೇಳಿ.

ಎಸ್‌ಪಿ_ರಸ್ತೆ_ಹಳಬ

ಮೊದಲು ಧೈರ್ಯ ತಂದುಕೊಳ್ಳಿ. ಫೈಲು ಹಾಳಾಗಿಲ್ಲ.

ನಾನು ಎಸ್‌ಪಿ ರಸ್ತೆಯ ಒಂದು ಅಂಗಡಿಯಲ್ಲಿ 18 ವರ್ಷದಿಂದ ರಿಪೇರಿ ಮಾಡುತ್ತಿದ್ದೇನೆ. ನೀವು ನೋಡಿದ್ದು ಹಳೆ ಆಸ್ಕಿ ಫಾಂಟ್‌ನ ಕಥೆ. ಆ ಕಾಲದ ನುಡಿ, ಬರಹ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ಕಣ್ಣಿಗೆ ಕನ್ನಡ ಕಾಣುತ್ತದೆ, ಆದರೆ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಸಂಕೇತ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಮುಸುಕು ತೆಗೆದ ಹಾಗೆ ಒಳಗಿನದೇ ಕಾಣುತ್ತದೆ. ಯುನಿಕೋಡ್ ಅನ್ನುವ ಈಗಿನ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಜಾಗ ಇದೆ. ಅದಕ್ಕೇ ಇಲ್ಲಿ ನಾವು ಬರೆದದ್ದು ಯಾರ ಫೋನಿನಲ್ಲಾದರೂ ಕನ್ನಡವಾಗಿಯೇ ಕಾಣುತ್ತದೆ.

ಈಗ ನನ್ನ ಸಲಹೆ. ಲಿನಕ್ಸ್ ಹಾಕಲು ಆತುರ ಬೇಡ. ಮನೆ ಬದಲಾಯಿಸುವ ಮೊದಲು ಪಾತ್ರೆ ಬದಲಾಯಿಸಿ. ಲಿಬ್ರೆಆಫೀಸ್, ಅಂತರ್ಜಾಲ ನೋಡುವ ಫೈರ್‌ಫಾಕ್ಸ್, ಹಾಡು ಸಿನಿಮಾ ಹಾಕುವ ವಿಎಲ್‌ಸಿ ಎಲ್ಲಾ ವಿಂಡೋಸ್‌ನಲ್ಲೂ ಓಡುತ್ತವೆ. ಈಗಿರುವ ವಿಂಡೋಸ್ 10ರಲ್ಲೇ ಹಾಕಿ. ಅಪ್ಪ ಎರಡು ತಿಂಗಳು ಅವನ್ನೇ ಬಳಸಲಿ. ಮೆನು ಎಲ್ಲಿದೆ, ಸೇವ್ ಎಲ್ಲಿದೆ ಅಂತ ಕೈಗೆ ಅಭ್ಯಾಸ ಆಗಲಿ. ಆಮೇಲೆ ಕೆಳಗಿನ ವಿಂಡೋಸ್ ತೆಗೆದು ಲಿನಕ್ಸ್‌ನ ಒಂದು ಬಗೆಯಾದ ಲಿನಕ್ಸ್ ಮಿಂಟ್ ಹಾಕಿದರೆ ಅವರಿಗೆ ಬದಲಾವಣೆ ಅಷ್ಟಾಗಿ ತಟ್ಟುವುದಿಲ್ಲ. ದಿನಾ ತೆರೆಯುವುದು ಅದೇ ಲಿಬ್ರೆಆಫೀಸ್ ತಾನೇ?

ನನ್ನ ಹತ್ತಿರ ಬಂದು ಲಿನಕ್ಸ್ ಹಾಕಿಸಿಕೊಂಡು, ವಾರದೊಳಗೆ ತೆಗೆಸಿ ಅಂತ ವಾಪಸ್ ಬಂದವರೆಲ್ಲ ಒಂದೇ ದಿನ ಎಲ್ಲವನ್ನೂ ಬದಲಾಯಿಸಿದವರು.

ಅವಧಿಯ ಬಗ್ಗೆ ಚಿಂತೆ ಇದ್ದರೆ, ವಿಂಡೋಸ್ 10ಕ್ಕೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆ ಇದೆ. ಮನೆ ಬಳಕೆದಾರರಿಗೆ ಅದು 2026ರ ಅಕ್ಟೋಬರ್ 13ರವರೆಗೆ. ಸೆಟ್ಟಿಂಗ್ಸ್‌ನಲ್ಲಿ ಅಪ್‌ಡೇಟ್ ಪುಟಕ್ಕೆ ಹೋಗಿ ಸೇರಿಕೊಳ್ಳಿ.

ಅಂಗಡಿಯವರು 11 ಬರುವುದಿಲ್ಲ ಅಂದದ್ದು ನಿಜ. ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಮೇಲೆ ಇರಬೇಕು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ಆದರೆ ಅದಕ್ಕಾಗಿ ಲ್ಯಾಪ್‌ಟಾಪ್ ಎಸೆಯಬೇಕಾಗಿಲ್ಲ. ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗ ಇಲ್ಲದ ಎಸ್‌ಎಸ್‌ಡಿ ಹಾಕಿಸಿ. ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಲು ಜಾಗ ಇದ್ದರೆ ಅದನ್ನೂ ಹಾಕಿಸಿ. ಹಳೆ ಯಂತ್ರ ನಿಧಾನ ಆಗುವುದು ಬಹುತೇಕ ತಿರುಗುವ ಡಿಸ್ಕ್‌ನಿಂದ.

ಲೆಕ್ಕದ_ಪುಸ್ತಕ

ಎಲ್ಲರೂ ಹೌದು ಹೌದು ಅನ್ನುವ ಮೊದಲು ಇನ್ನೊಂದು ಮುಖವನ್ನೂ ಹೇಳಿಬಿಡುತ್ತೇನೆ. ನಾನು ರಾಜಾಜಿನಗರದಲ್ಲಿ ತೆರಿಗೆ ಲೆಕ್ಕ ಮಾಡುತ್ತೇನೆ. ಮುಕ್ತ ತಂತ್ರಾಂಶ ನನಗೆ ಇಷ್ಟ. ಆದರೂ ಕಚೇರಿಯ ಮುಖ್ಯ ಕಂಪ್ಯೂಟರ್‌ನಲ್ಲಿ ವಿಂಡೋಸ್ ಇಟ್ಟಿದ್ದೇನೆ. ಲೆಕ್ಕದ ತಂತ್ರಾಂಶ ಟ್ಯಾಲಿ ನಮ್ಮ ಬೆಂಗಳೂರಿನ ಕಂಪನಿಯದೇ ಆದರೂ ವಿಂಡೋಸ್‌ಗೆ ಮಾಡಿದ್ದು. ಡಿಜಿಟಲ್ ಸಹಿ ಇಟ್ಟುಕೊಳ್ಳುವ, ಪೆನ್ ಡ್ರೈವ್ ಥರದ ಟೋಕನ್ ಇನ್ನೊಂದು ಕಷ್ಟ. ಲಿನಕ್ಸ್‌ನಲ್ಲಿ ನನ್ನ ಟೋಕನ್ ಜೊತೆ ಎರಡು ದಿನ ಒದ್ದಾಡಿದೆ. ರಿಟರ್ನ್ ಹಾಕುವ ಕೊನೆಯ ದಿನ ಅಂಥ ಒದ್ದಾಟ ಆಗುವುದಿಲ್ಲ. ಕಕ್ಷಿದಾರರಿಗೆ ದಂಡ ಬೀಳುತ್ತದೆ.

ಹಾಗಾಗಿ ಯಾರ ಬಳಕೆ ಏನು ಅಂತ ಮೊದಲು ಕೇಳಬೇಕು. ನಿಮ್ಮ ಅಪ್ಪನ ದೇವಸ್ಥಾನದ ಲೆಕ್ಕ ಜಮಾ ಖರ್ಚು ಮಾತ್ರ ಅಲ್ವಾ? ಅದಕ್ಕೆ ಎಕ್ಸೆಲ್ ಥರದ ಲಿಬ್ರೆಆಫೀಸ್ ಕ್ಯಾಲ್ಕ್ ಧಾರಾಳವಾಗಿ ಸಾಕು. ಹುಂಡಿ, ಅರ್ಚನೆ, ದೀಪದೆಣ್ಣೆ ಅಂತ ಬೇರೆ ಬೇರೆ ಖಾತೆ ಇಟ್ಟು ಜೋಡಿ ನಮೂದು ಪದ್ಧತಿಯಲ್ಲಿ ಬರೆಯುವುದಾದರೆ ಗ್ನುಕ್ಯಾಶ್ ಅನ್ನುವ ಲೆಕ್ಕದ ತಂತ್ರಾಂಶ ನೋಡಿ. ಸ್ವಲ್ಪ ಕಲಿಯಬೇಕು, ಆದರೆ ಮೇಷ್ಟ್ರಿಗೆ ಅದು ಕಷ್ಟ ಆಗಲಾರದು. ಸಣ್ಣ ವ್ಯಾಪಾರ ಇರುವವರಿಗೆ ಇಆರ್‌ಪಿನೆಕ್ಸ್ಟ್ ಇದೆ. ಮುಂಬೈನಲ್ಲಿ ಹುಟ್ಟಿದ್ದು, ಪೂರ್ತಿ ಮುಕ್ತ ತಂತ್ರಾಂಶ.

ಹನುಮಂತನಗರ_ಮಗಳು

ತುಂಬಾ ಉಪಕಾರವಾಯಿತು. ಪಾತ್ರೆಯ ಮಾತು ಅಪ್ಪನಿಗೆ ಓದಿ ಹೇಳಿದೆ, ಹಿಡಿಸಿತು. ಒಂದು ಪ್ರಶ್ನೆ ಕೇಳಿದರು: 'ದುಡ್ಡು ತೆಗೆದುಕೊಳ್ಳದೆ ಇದನ್ನೆಲ್ಲ ಯಾರು ಮಾಡುತ್ತಾರೆ? ಯಾಕೆ ಮಾಡುತ್ತಾರೆ?' ನನಗೆ ಸರಿಯಾಗಿ ಹೇಳಲು ಬರಲಿಲ್ಲ.

ಕೆಂಗೇರಿ_ಮೇಷ್ಟ್ರು

ನಿಮ್ಮ ತಂದೆಯವರ ಪ್ರಶ್ನೆಗೆ ಒಬ್ಬ ಮೇಷ್ಟ್ರಾಗಿ ಉತ್ತರ ಕೊಡುತ್ತೇನೆ.

ಉಚಿತ ಅನ್ನುವುದು ಇದರಲ್ಲಿ ಎರಡನೇ ಮಾತು. ಮೊದಲನೆಯದು ಸ್ವಾತಂತ್ರ್ಯ. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಗ್ನು ಅನ್ನುವ ಮುಕ್ತ ತಂತ್ರಾಂಶ ಯೋಜನೆ ಘೋಷಿಸಿದಾಗ ಅವರು ಕೇಳಿದ್ದು ಅದನ್ನೇ. ತಂತ್ರಾಂಶವನ್ನು ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಬಿಚ್ಚಿ ನೋಡಿ ಬದಲಾಯಿಸಿಕೊಳ್ಳಬಹುದು. ಪಕ್ಕದ ಮನೆಯವರಿಗೆ ಕಾಪಿ ಕೊಡಬಹುದು. ತಿದ್ದಿದ್ದನ್ನೂ ಹಂಚಬಹುದು. ಅಡುಗೆ ಹೇಳಿಕೊಟ್ಟ ಹಾಗೆ. ನಿಮ್ಮ ಅಜ್ಜಿಯ ಬಿಸಿಬೇಳೆ ಬಾತ್ ಅಳತೆ ಕಲಿತು ನೀವು ಸ್ವಲ್ಪ ಖಾರ ಜಾಸ್ತಿ ಹಾಕಿದರೆ ಯಾರೂ ಕೇಳುವುದಿಲ್ಲ. ಮಗಳಿಗೆ ಹೇಳಿಕೊಟ್ಟರೂ ಕೇಳುವುದಿಲ್ಲ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಲಿನಕ್ಸ್‌ನ ತಿರುಳು ಬರೆದು ಹಂಚಿದರು. ವಿಎಲ್‌ಸಿ ಹುಟ್ಟಿದ್ದು ಫ್ರಾನ್ಸ್‌ನ ಒಂದು ಕಾಲೇಜಿನ ವಿದ್ಯಾರ್ಥಿಗಳ ಕೈಯಲ್ಲಿ.

ದುಡ್ಡು ತೆಗೆದುಕೊಂಡು ಕೆಲಸ ಮಾಡುವವರೂ ಇದ್ದಾರೆ. ದೊಡ್ಡ ಕಂಪನಿಗಳ ಸರ್ವರ್‌ಗಳು ಬಹುಪಾಲು ಲಿನಕ್ಸ್ ಮೇಲೆ ನಿಂತಿವೆ. ಹಾಗಾಗಿ ಆ ಕಂಪನಿಗಳೇ ಎಂಜಿನಿಯರ್‌ಗಳಿಗೆ ಸಂಬಳ ಕೊಟ್ಟು ಇದನ್ನು ಬರೆಸುತ್ತವೆ. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸೇ. ಅಪ್ಪ ಆಂಡ್ರಾಯ್ಡ್ ಫೋನ್ ಬಳಸುವವರಾದರೆ, ಈಗಾಗಲೇ ಲಿನಕ್ಸ್ ಬಳಸುತ್ತಿದ್ದಾರೆ ಅಂತಲೇ ಅರ್ಥ.

ಶಾಲೆಯ ಮಾತು ಹೇಳದೆ ಇರಲಾರೆ. ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಆರು ಯಂತ್ರ ಇವೆ. ಯಾರೋ ದಾನ ಕೊಟ್ಟ ಹಳೆಯವು. ಮೂರು ವರ್ಷದಿಂದ ಲಿನಕ್ಸ್‌ನ ಇನ್ನೊಂದು ಬಗೆಯಾದ ಉಬುಂಟು ಓಡುತ್ತಿದೆ. ಐದನೇ ತರಗತಿಯ ಮಕ್ಕಳು ಟಕ್ಸ್ ಪೇಂಟ್‌ನಲ್ಲಿ ಚಿತ್ರ ಬಿಡಿಸುತ್ತಾರೆ. ಒಬ್ಬ ಹುಡುಗಿ ಮೊದಲ ಸಲ ಮೌಸ್ ಹಿಡಿದಾಗ ಎರಡೂ ಕೈಯಲ್ಲಿ ಹಿಡಿದಿದ್ದಳು, ಹಕ್ಕಿ ಮರಿ ಹಿಡಿದ ಹಾಗೆ. ಈಗ ಅವಳೇ ಚಿಕ್ಕವರಿಗೆ ಹೇಳಿಕೊಡುತ್ತಾಳೆ. ಮನೆಗೆ ಬೇಕು ಅಂದರೆ ಪೆನ್ ಡ್ರೈವ್‌ನಲ್ಲಿ ಹಾಕಿಕೊಡುತ್ತೇನೆ. ಅದು ಕಳ್ಳತನ ಆಗುವುದಿಲ್ಲ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಇದರಲ್ಲೇ ಪಾಠ ಮಾಡುತ್ತಿವೆ. ನಮ್ಮಲ್ಲೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸರ್ಕಾರಿ ಶಾಲೆಯ ಶಿಕ್ಷಕರ ಜೊತೆ ಈ ಕೆಲಸ ಮಾಡಿದೆ. ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು ಅನ್ನುವ ತಾಣದಲ್ಲಿ ಕನ್ನಡದಲ್ಲೇ ಪಾಠ ಸಾಮಗ್ರಿ ಸಿಗುತ್ತದೆ. ಇದು ಇನ್ನೂ ನೂರು ಪಾಲು ಹರಡಬೇಕು ಅನ್ನುವುದು ನನ್ನ ಆಸೆ.

ಅವೆನ್ಯೂ_ರಸ್ತೆ_ಅಚ್ಚು

ನಮ್ಮದು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡ್ ವಿನ್ಯಾಸ ಮಾಡುವ ಕೆಲಸ. ಇಂಕ್‌ಸ್ಕೇಪ್ ಅನ್ನುವ ಮುಕ್ತ ತಂತ್ರಾಂಶದಲ್ಲಿ ಮಾಡುತ್ತೇನೆ, ಫೋಟೋ ಇದ್ದರೆ ಗಿಂಪ್. ಚೆನ್ನಾಗಿ ಬರುತ್ತದೆ. ನೋಟೋ ಕನ್ನಡ, ಗುಬ್ಬಿ, ನವಿಲು ಫಾಂಟ್‌ಗಳಿಗೆ ಲೈಸೆನ್ಸ್ ಭಯವೂ ಇಲ್ಲ.

ತೊಂದರೆ ಇರುವುದು ಪ್ರೆಸ್‌ನಲ್ಲಿ. ಕೆಲವರು ಇನ್ನೂ ಹಳೆ ಪುಟ ವಿನ್ಯಾಸದ ಪೇಜ್‌ಮೇಕರ್ ಫೈಲೇ ಬೇಕು, ಆಸ್ಕಿ ಫಾಂಟೇ ಬೇಕು ಅನ್ನುತ್ತಾರೆ. ಯುನಿಕೋಡ್ ಕೊಟ್ಟರೆ ಒತ್ತಕ್ಷರ ಪಕ್ಕಕ್ಕೆ ಬಂದು ಬೀಳುತ್ತದೆ. ಮದುಮಗಳ ಹೆಸರಿನ ಒತ್ತು ಕಳಚಿ ಬಿದ್ದ ಕಾರ್ಡ್ ಒಮ್ಮೆ 300 ಪ್ರತಿ ಅಚ್ಚಾಗಿ ಬಂದಿತ್ತು. ಅವತ್ತು ನನ್ನ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಪಿಡಿಎಫ್ ಬಿಟ್ಟು ಬೇರೆ ಏನೂ ಕೊಡುವುದಿಲ್ಲ. ಪಿಡಿಎಫ್ ಮಾಡುವಾಗ ಅಕ್ಷರವನ್ನು ಪಾತ್‌ಗೆ, ಅಂದರೆ ಬರೀ ಗೆರೆಯ ಚಿತ್ರಕ್ಕೆ, ಬದಲಾಯಿಸಿ ಕೊಡುತ್ತೇನೆ. ಆಗ ಅವರ ಕಂಪ್ಯೂಟರ್‌ನಲ್ಲಿ ಯಾವ ಫಾಂಟ್ ಇದ್ದರೂ ಇಲ್ಲದಿದ್ದರೂ ಅಕ್ಷರ ಕದಲುವುದಿಲ್ಲ. ಪುಸ್ತಕದ ಪುಟ ಕಟ್ಟುವವರು ಸ್ಕ್ರೈಬಸ್ 1.6 ಅನ್ನುವ ಮುಕ್ತ ತಂತ್ರಾಂಶ ನೋಡಿ. ಒತ್ತಕ್ಷರ ಸರಿಯಾಗಿ ಕೂರುತ್ತದೆ. ಅಪ್ಪನ ನೆನಪುಗಳು ಪುಸ್ತಕ ಆಗುವ ದಿನ ಬಂದರೆ ಕೇಳಿ, ಪುಟ ಕಟ್ಟಿಕೊಡುತ್ತೇನೆ.

ಬನಶಂಕರಿ_ಕಿವಿ

ನಾನು ಹುಟ್ಟಿನಿಂದ ಕಣ್ಣು ಕಾಣದವಳು. ಈ ಚರ್ಚೆಯನ್ನು ಎನ್‌ವಿಡಿಎ ಓದಿ ಹೇಳುತ್ತಿದೆ, ನಾನು ಕೇಳುತ್ತಿದ್ದೇನೆ. ಎನ್‌ವಿಡಿಎ ಅಂದರೆ ಪರದೆ ಓದುವ ತಂತ್ರಾಂಶ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರು ಮಾಡಿದರು. ಅವರಿಗೂ ಕಣ್ಣು ಕಾಣುವುದಿಲ್ಲ. ಆಮೇಲೆ ಜೊತೆ ಸೇರಿದ ಜೇಮ್ಸ್ ಟೆ ಅವರಿಗೂ ಕಾಣುವುದಿಲ್ಲ. ಅದಕ್ಕೆ ಮೊದಲು ಇಂಥ ತಂತ್ರಾಂಶದ ಬೆಲೆ ಕಂಪ್ಯೂಟರ್‌ನ ಬೆಲೆಗಿಂತ ಜಾಸ್ತಿ ಇರುತ್ತಿತ್ತು. ನಾನು ಪಿಯುಸಿ ಓದುವಾಗ ನಮ್ಮ ಹಾಸ್ಟೆಲ್‌ನಲ್ಲಿ ಒಂದೇ ಒಂದು ಕಂಪ್ಯೂಟರ್‌ನಲ್ಲಿ ಅದು ಇತ್ತು, ಅದಕ್ಕೆ ಸರತಿ. ಅರ್ಧ ಗಂಟೆ ಸಿಗುತ್ತಿತ್ತು. ಎನ್‌ವಿಡಿಎ ಬಂದ ಮೇಲೆ ನಾನು ಪೆನ್ ಡ್ರೈವ್‌ನಲ್ಲಿ ಹಾಕಿಕೊಂಡು ಯಾವ ಕಂಪ್ಯೂಟರ್‌ನಲ್ಲಾದರೂ ಕೂತೆ. ಈ ವಾಕ್ಯ ಬರೆಯುವಾಗಲೂ ಮೈ ಜುಂ ಅನ್ನುತ್ತದೆ. ಇದರ ಜೊತೆ ಇ-ಸ್ಪೀಕ್ ಎನ್‌ಜಿ ಅನ್ನುವ ಧ್ವನಿ ಬರುತ್ತದೆ. ಅದಕ್ಕೆ ಕನ್ನಡ ಗೊತ್ತು. ದನಿ ಯಂತ್ರದ್ದೇ, ಒರಟು. ಆದರೆ ಕನ್ನಡ.

ಎಲ್ಲ ಕನ್ನಡವನ್ನೂ ಅದು ಓದಲಾರದು. ಆಸ್ಕಿ ಫಾಂಟ್‌ನಲ್ಲಿ ಇರುವ ಫೈಲು ನನಗೆ ಕನ್ನಡ ಅಲ್ಲವೇ ಅಲ್ಲ. ಕಣ್ಣಿರುವವರಿಗೆ ಫಾಂಟ್ ಹಾಕಿದರೆ ಸಾಕು. ಎನ್‌ವಿಡಿಎ ಫಾಂಟ್ ನೋಡುವುದಿಲ್ಲ, ಒಳಗಿನ ಸಂಕೇತ ಓದುತ್ತದೆ. ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಒದರುತ್ತದೆ. ಎಷ್ಟೋ ಸುತ್ತೋಲೆ, ಎಷ್ಟೋ ಒಳ್ಳೆ ಬರಹ ಹೀಗೆ ನನ್ನ ಪಾಲಿಗೆ ಮುಚ್ಚಿದ ಬಾಗಿಲು. ಆದ್ದರಿಂದ ಮಗಳೇ, ಲಿನಕ್ಸ್ ಹಾಕುವುದು ಬಿಡುವುದು ನಿಮ್ಮ ಇಷ್ಟ. ಆ 140 ಫೈಲುಗಳನ್ನು ಮಾತ್ರ ಯುನಿಕೋಡ್‌ಗೆ ತನ್ನಿ. ಹಳೆ ಕಾಲದ ಶಾಲೆಯ ನೆನಪು ನನಗೂ ಕೇಳಬೇಕು ಅನ್ನಿಸುತ್ತದೆ.

ಎಸ್‌ಪಿ_ರಸ್ತೆ_ಹಳಬ

ಬನಶಂಕರಿಯವರ ಮಾತು ಓದಿದ ಮೇಲೆ ನನ್ನ ಸಲಹೆಯ ಕ್ರಮ ಬದಲಾಯಿಸುತ್ತೇನೆ. ಮೊದಲ ಕೆಲಸ ಫೈಲುಗಳು. ಪಾತ್ರೆ ಆಮೇಲೆ. ಮನೆ ಕೊನೆಗೆ.

ಹನುಮಂತನಗರ_ಮಗಳು

ಬನಶಂಕರಿಯವರೇ, ನಿಮ್ಮ ಮಾತನ್ನು ಅಪ್ಪನಿಗೆ ಓದಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ 'ಮೊದಲು ಅದನ್ನು ಮಾಡು' ಅಂದರು.

ಹೇಗೆ ಮಾಡಲಿ ಹೇಳಿ.

ಅಕ್ಷರ_ತಿದ್ದುವವ

ಈ ಕೆಲಸ ನಾನು ನಮ್ಮ ಸಂಘದ ಹಳೆ ಸ್ಮರಣ ಸಂಚಿಕೆಗಳಿಗೆ ಮಾಡಿದ್ದೇನೆ. ಹಂತ ಹಂತವಾಗಿ ಹೇಳುತ್ತೇನೆ.

140 ಫೈಲನ್ನೂ ಮೊದಲು ಬೇರೆ ಪೆನ್ ಡ್ರೈವ್‌ಗೆ ಕಾಪಿ ಮಾಡಿ, ಅದನ್ನು ಬೀರುವಿನಲ್ಲಿ ಇಟ್ಟುಬಿಡಿ. ಅದನ್ನು ಮುಟ್ಟಬಾರದು. ಆಸ್ಕಿಯಿಂದ ಯುನಿಕೋಡ್‌ಗೆ ಬದಲಾಯಿಸುವ ಮುಕ್ತ ಪರಿವರ್ತಕಗಳು ಅಂತರ್ಜಾಲದಲ್ಲಿ ಇವೆ. ಪಠ್ಯ ಅಂಟಿಸಿದರೆ ಯುನಿಕೋಡ್ ಬರುತ್ತದೆ. ಒಂದು ಎಚ್ಚರಿಕೆ. ಫೈಲಿನಲ್ಲಿ ನಡುನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಪರಿವರ್ತಕ ಅದನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಆ ಸಾಲುಗಳನ್ನು ಕಣ್ಣಿಟ್ಟು ನೋಡಿ.

ಆಮೇಲೆ ಅರ್ಕಾವತ್ತು. ಬೇಗ ಆಗಲಿ ಅಂತ ಅರ್ಕಾವತ್ತಿನ ಬದಲು ಕನ್ನಡ ಅಂಕಿ ೯ ಒತ್ತಿದ ಟೈಪಿಸ್ಟ್‌ಗಳು ತುಂಬಾ ಜನ. ನೋಡಲು ಒಂದೇ ಥರ ಅಲ್ವಾ? ಆದ್ದರಿಂದ 'ಕನಾ೯ಟಕ', 'ವಷ೯', 'ಮಾಗ೯' ಅಂತ ಉಳಿದಿರುತ್ತದೆ. ಹುಡುಕಿದರೆ 'ಕರ್ನಾಟಕ' ಸಿಗುವುದಿಲ್ಲ. ಪರದೆ ಓದುವ ಯಂತ್ರ 'ಕನಾ ಒಂಬತ್ತು ಟಕ' ಅನ್ನುತ್ತದೆ.

ಇದನ್ನು ಒಂದೊಂದಾಗಿ ತಿದ್ದಬೇಕಿಲ್ಲ. ಲಿಬ್ರೆಆಫೀಸ್‌ನ ಬರೆಯುವ ಭಾಗವಾದ ರೈಟರ್‌ನಲ್ಲಿ ಹುಡುಕು-ಬದಲಿಸು ತೆರೆಯಿರಿ. ಕೆಳಗೆ ಇತರ ಆಯ್ಕೆಗಳಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್ ಅನ್ನುವುದಕ್ಕೆ ಗುರುತು ಹಾಕಿ. ಹುಡುಕುವ ಜಾಗದಲ್ಲಿ ಇದನ್ನು ಹಾಕಿ:

([ಕ-ಹ](್[ಕ-ಹ])*[ಾ-ೌ]?)೯

ಬದಲಿಸುವ ಜಾಗದಲ್ಲಿ ಇದು:

ರ್$1

ಅರ್ಥ ಇಷ್ಟೇ. ಒಂದು ವ್ಯಂಜನ, ಅದಕ್ಕೆ ಒತ್ತು ಇದ್ದರೆ ಒತ್ತು, ಗುಣಿತ ಇದ್ದರೆ ಗುಣಿತ, ಅದರ ಬೆನ್ನಿಗೆ ೯ ಇದ್ದರೆ, ಆ ೯ ತೆಗೆದು ಮುಂದೆ 'ರ್' ಇಡು. 'ನಾ೯' ಇದ್ದದ್ದು 'ರ್ನಾ' ಆಗುತ್ತದೆ. 'ಅಘ್ಯ೯' ಕೂಡ 'ಅರ್ಘ್ಯ' ಆಗುತ್ತದೆ. ೧೯೭೯ ಅಂತ ಇಸವಿ ಇದ್ದರೆ ತಂಟೆ ಇಲ್ಲ, ಯಾಕೆಂದರೆ ಅಲ್ಲಿ ೯ರ ಹಿಂದೆ ಇರುವುದು ಅಂಕಿ, ವ್ಯಂಜನ ಅಲ್ಲ.

ಆದರೆ 'ಪುಟ೯' ಅಂತ ಜಾಗ ಬಿಡದೆ ಬರೆದಿದ್ದರೆ ಅದು 'ಪುರ್ಟ' ಆಗಿಬಿಡುತ್ತದೆ. ಹಾಗಾಗಿ ಎಲ್ಲ ಬದಲಿಸು ಅನ್ನುವ ಗುಂಡಿ ಒತ್ತಬೇಡಿ. ಒಂದೊಂದೇ ನೋಡಿ ಬದಲಿಸಿ.

ಇನ್ನೊಂದು ಮಾತು. ರೈಟರ್‌ನಲ್ಲಿ ಕನ್ನಡದ ಫಾಂಟ್ ಮತ್ತು ಅಳತೆ ಬೇರೆಯಾಗಿ ಇರುತ್ತದೆ. ಆಯ್ಕೆಗಳಲ್ಲಿ ಭಾಷೆಯ ಪುಟಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಅನ್ನುವುದನ್ನು ಚಾಲೂ ಮಾಡಿ ಕನ್ನಡ ಆರಿಸಿ. ಇದು ಗೊತ್ತಿಲ್ಲದೆ, ಫಾಂಟ್ ಬದಲಾಯಿಸಿದರೂ ಕನ್ನಡ ಬದಲಾಗುತ್ತಿಲ್ಲ ಅಂತ ಲಿಬ್ರೆಆಫೀಸನ್ನೇ ಬಿಟ್ಟವರು ಇದ್ದಾರೆ.

ಮತ್ತೆ, ಟೈಪಿಂಗ್. ಅಪ್ಪನ ಬೆರಳು ನುಡಿ ಕೀಲಿಮಣೆಗೆ ಹೊಂದಿಕೊಂಡಿರುತ್ತದೆ. ಅದು ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ಲಿನಕ್ಸ್‌ನಲ್ಲಿ ಐಬಸ್ ಮತ್ತು ಎಂ17ಎನ್ ಅನ್ನುವ ಟೈಪಿಂಗ್ ತಂತ್ರಾಂಶಗಳನ್ನು ಹಾಕಿಕೊಂಡರೆ ಕೆಜಿಪಿ ಅನ್ನುವ ಹೆಸರಿನಲ್ಲಿ ಅದೇ ವಿನ್ಯಾಸ ಸಿಗುತ್ತದೆ. ಹೊಸದಾಗಿ ಏನೂ ಕಲಿಯಬೇಕಿಲ್ಲ.

ಜೆಪಿನಗರ_ಅನುಮಾನ

ನನ್ನದು ಬೇರೆ ಸಂಶಯ. ತಂತ್ರಾಂಶವನ್ನು ಬರೆದ ಸಾಲುಗಳು, ಅಂದರೆ ಮೂಲ ಸಂಕೇತ, ಎಲ್ಲರಿಗೂ ತೆರೆದಿದ್ದರೆ ಕಳ್ಳರಿಗೂ ತೆರೆದಿರುತ್ತದೆ ತಾನೇ? ವಯಸ್ಸಾದವರು ಬ್ಯಾಂಕ್ ಕೆಲಸ ಅದರಲ್ಲೇ ಮಾಡುತ್ತಾರೆ.

ಎಸ್‌ಪಿ_ರಸ್ತೆ_ಹಳಬ

ಒಳ್ಳೆ ಪ್ರಶ್ನೆ. 2024ರ ಮಾರ್ಚ್‌ನಲ್ಲಿ ನಡೆದದ್ದು ಹೇಳುತ್ತೇನೆ. ಎಕ್ಸ್‌ಝಡ್ ಅನ್ನುವ, ಫೈಲು ಕುಗ್ಗಿಸುವ ಒಂದು ಸಣ್ಣ ಮುಕ್ತ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಅವರು ಎರಡು ವರ್ಷ ಒಳ್ಳೆಯವರ ಹಾಗೆ ಕೆಲಸ ಮಾಡಿ ನಂಬಿಕೆ ಗಳಿಸಿದ್ದರು. ಆಂಡ್ರೆಸ್ ಫ್ರಾಯಿಂಡ್ ಅನ್ನುವ ಎಂಜಿನಿಯರ್‌ಗೆ ಲಾಗಿನ್ ಅರ್ಧ ಸೆಕೆಂಡ್ ತಡ ಆಗುತ್ತಿದೆ ಅನ್ನಿಸಿತು. ಅರ್ಧ ಸೆಕೆಂಡ್! ಯಾಕೆ ಅಂತ ಅಗೆಯುತ್ತಾ ಹೋದರು. ಸಂಕೇತ ತೆರೆದಿತ್ತು, ಅದಕ್ಕೆ ಅಗೆಯಲು ಆಯಿತು. ಕಳ್ಳಬಾಗಿಲು ಸಿಕ್ಕಿತು. ಲಿನಕ್ಸ್‌ನ ದೊಡ್ಡ ಬಗೆಗಳ ಸ್ಥಿರ ಆವೃತ್ತಿಗಳಿಗೆ ಅದು ತಲುಪುವ ಮೊದಲೇ ಎಲ್ಲರೂ ತೆಗೆದುಹಾಕಿದರು.

ಇದರಲ್ಲಿ ಎರಡೂ ಇದೆ. ಮುಕ್ತ ಅಂದ ಮಾತ್ರಕ್ಕೆ ಸುರಕ್ಷಿತ ಅಲ್ಲ, ನೋಡುವವರು ಬೇಕು. ನೋಡಬೇಕು ಅಂದವರಿಗೆ ದಾರಿ ಇದೆ ಅನ್ನುವುದು ದೊಡ್ಡದು.

ಮನೆ ಬಳಕೆದಾರರಿಗೆ ನಿಜವಾದ ಅಪಾಯ ಬೇರೆ ಕಡೆ ಇದೆ. ವಿಎಲ್‌ಸಿ ಅಂತ ಹುಡುಕಿದರೆ ಮೊದಲು ಜಾಹೀರಾತಿನ ನಕಲಿ ತಾಣ ಬರಬಹುದು. ಅಲ್ಲಿಂದ ಇಳಿಸಿಕೊಂಡರೆ ಜೊತೆಗೆ ಕಸ ಬರುತ್ತದೆ. 2022ರಲ್ಲಿ ನಮ್ಮ ದೇಶದಲ್ಲಿ ವಿಎಲ್‌ಸಿಯ ಅಧಿಕೃತ ತಾಣವನ್ನೇ ಕೆಲವು ತಿಂಗಳು ತಡೆದಿದ್ದರು, ನವೆಂಬರ್‌ನಲ್ಲಿ ತೆರವಾಯಿತು. ಆ ಸಮಯದಲ್ಲಿ ಎಷ್ಟೋ ಜನ ಎಲ್ಲೆಲ್ಲಿಂದಲೋ ಇಳಿಸಿಕೊಂಡು ನನ್ನ ಟೇಬಲ್‌ಗೆ ಬಂದರು. ಲಿನಕ್ಸ್ ಮಿಂಟ್‌ನಲ್ಲಿ ಈ ತಲೆನೋವು ಕಡಿಮೆ. ಸಾಫ್ಟ್‌ವೇರ್ ಮ್ಯಾನೇಜರ್ ತೆರೆದು ಅಲ್ಲಿಂದಲೇ ಹಾಕಿಕೊಳ್ಳಬಹುದು. ಕದ್ದ ವಿಂಡೋಸ್‌ಗೆ ಹಾಕುವ ಆಕ್ಟಿವೇಟರ್‌ಗಿಂತ ಅಪಾಯದ ವಸ್ತು ನಾನು ಕಂಡಿಲ್ಲ. ಅದನ್ನು ಹಾಕುವಾಗ ಆಂಟಿವೈರಸ್ ಆಫ್ ಮಾಡಿ ಅಂತ ಅದೇ ಹೇಳುತ್ತದೆ. ಮನೆ ಬೀಗ ತೆಗೆದಿಡಿ, ಬರುತ್ತೇವೆ ಅಂದ ಹಾಗೆ.

ಜೆಪಿನಗರ_ಅನುಮಾನ

ಅರ್ಥ ಆಯಿತು. ಧನ್ಯವಾದ.

ಹನುಮಂತನಗರ_ಮಗಳು

ಒಂಬತ್ತು ವಾರ ಆಯಿತು. ಏನೇನು ಆಯಿತು ಅಂತ ಹೇಳುತ್ತೇನೆ, ನನ್ನ ಹಾಗೆ ಹುಡುಕಿಕೊಂಡು ಬರುವವರಿಗೆ ಉಪಯೋಗ ಆಗಬಹುದು.

ಫೈಲುಗಳಿಗೇ ಐದು ವಾರ ಹಿಡಿಯಿತು. ದಿನಾ ಸಂಜೆ ನಾಲ್ಕೈದು ಫೈಲು. ಪರಿವರ್ತಿಸಿದ ಪಠ್ಯ ನಾನು ಪರದೆಯಲ್ಲಿ ನೋಡುವುದು, ಅಪ್ಪ ಹಳೆ ಪ್ರಿಂಟ್ ಹಿಡಿದು ಗಟ್ಟಿಯಾಗಿ ಓದುವುದು. ೯ರ ತೊಂದರೆ ಮೊದಲ ಎರಡು ವರ್ಷದ ಫೈಲುಗಳಲ್ಲಿ ತುಂಬಾ ಇತ್ತು. ಅವನ್ನು ಹೊರಗೆ ಟೈಪ್ ಮಾಡಿಸಿದ್ದರಂತೆ. ಆ ಸೂತ್ರ ಕೆಲಸ ಮಾಡಿತು. ಮೊದಲ ಸಲ 'ವಷ೯' ಹೋಗಿ 'ವರ್ಷ' ಬಂದಾಗ ಅಪ್ಪ ಇನ್ನೊಂದು ಸಲ ಮಾಡು ಅಂತ ಮಗುವಿನ ಹಾಗೆ ಕೇಳಿದರು.

ಈ ಐದು ವಾರದಲ್ಲಿ ಅಪ್ಪನ ಬಾಲ್ಯದ ಬಗ್ಗೆ ನನಗೆ ಗೊತ್ತಿಲ್ಲದ ಎಷ್ಟೋ ಸಂಗತಿ ತಿಳಿಯಿತು. ಇಷ್ಟು ವರ್ಷ ಆ ಫೈಲುಗಳನ್ನು ನಾನು ತೆರೆದು ಓದಿರಲೇ ಇಲ್ಲ.

ಆಮೇಲೆ ಎಸ್‌ಎಸ್‌ಡಿ ಹಾಕಿಸಿದೆವು. ರ‍್ಯಾಮ್ 8 ಜಿಬಿ ಮಾಡಿಸಿದೆವು. ಹೋದ ಶನಿವಾರ ಎಸ್‌ಪಿ ರಸ್ತೆಯ ಅಣ್ಣನ ಟೇಬಲ್‌ನಲ್ಲೇ ಲಿನಕ್ಸ್ ಮಿಂಟ್ ಹಾಕಿಸಿದೆ. ಮೊದಲು ಪೆನ್ ಡ್ರೈವ್‌ನಿಂದಲೇ ಓಡಿಸಿ ವೈಫೈ, ಸ್ಪೀಕರ್, ಕ್ಯಾಮೆರಾ ಎಲ್ಲಾ ನೋಡಿದರು. ಸರಿ ಇದೆ ಅಂದ ಮೇಲೆ ಹಾಕಿದರು. ಇದು ತುಂಬಾ ಒಳ್ಳೆಯದು. ಹಾಕುವ ಮೊದಲೇ ಗೊತ್ತಾಗಿಬಿಡುತ್ತದೆ.

ಮನೆಗೆ ಬಂದು ಅಪ್ಪನನ್ನು ಕೂರಿಸಿ ಕೆಜಿಪಿ ವಿನ್ಯಾಸ ಹಾಕಿಕೊಟ್ಟೆ. ನನ್ನ ಮುಖ ನೋಡಿದರು, ಕೀಲಿಮಣೆ ನೋಡಿದರು. ಒತ್ತಿಗೆ ಬಳಸುವ ಎಫ್ ಕೀ ಮೇಲೆ ಬೆರಳು ಇಟ್ಟು ಅಮ್ಮನ ಹೆಸರು ಟೈಪ್ ಮಾಡಿದರು. ಒತ್ತಕ್ಷರ ಕೆಳಗೆ ಸರಿಯಾಗಿ ಹೋಗಿ ಕೂತಿತು. 'ಸರಿ, ನೀನು ಹೋಗು' ಅಂದರು. ಅಂದರೆ ನನ್ನ ಸಹಾಯ ಬೇಡ ಅಂತ.

ಸರಿ ಹೋಗದೆ ಇದ್ದದ್ದೂ ಹೇಳಬೇಕು. ನಮ್ಮ ಹಳೆ ಲೇಸರ್ ಪ್ರಿಂಟರ್ ಇನ್ನೂ ಓಡುತ್ತಿಲ್ಲ. ಚಾಲಕ ತಂತ್ರಾಂಶ ಸರಿಯಾಗಿ ಸಿಗುತ್ತಿಲ್ಲ. ಸದ್ಯಕ್ಕೆ ಪಿಡಿಎಫ್ ಮಾಡಿ ಮೂಲೆಯ ಜೆರಾಕ್ಸ್ ಅಂಗಡಿಗೆ ಕಳಿಸುತ್ತೇವೆ. ಲಿಬ್ರೆಆಫೀಸ್‌ನ ಮೆನು ಕನ್ನಡದಲ್ಲಿ ಇಟ್ಟುಕೊಟ್ಟೆ. ಕೆಲವು ಕಡೆ ಇನ್ನೂ ಇಂಗ್ಲಿಷ್ ಉಳಿದಿದೆ. ಇರುವ ಕನ್ನಡದಲ್ಲೂ ಕೆಲವು ಪದ ಬಿಗಿಯಾಗಿದೆ ಅಂತ ಅಪ್ಪ ಕೆಂಪು ಪೆನ್ನು ಹಿಡಿದು ಪಟ್ಟಿ ಮಾಡಿದ್ದಾರೆ, 26 ಪದ. ಇದನ್ನು ಯಾರಿಗೆ ಕೊಡಬೇಕು?

ಅಕ್ಷರ_ತಿದ್ದುವವ

ನಿಮ್ಮ ಅಪ್ಪನೇ ಕೊಡಬಹುದು! ಲಿಬ್ರೆಆಫೀಸ್ ಅನುವಾದ ನಡೆಯುವುದು ವೆಬ್ಲೇಟ್ ಅನ್ನುವ ಜಾಗದಲ್ಲಿ. ಖಾತೆ ತೆರೆದು, ಕನ್ನಡ ಆರಿಸಿ, ಸಾಲಿನ ಪಕ್ಕದಲ್ಲೇ ಸಲಹೆ ಬರೆಯಬಹುದು. ಪ್ರೋಗ್ರಾಮಿಂಗ್ ಬೇಡ. ಕನ್ನಡ ಚೆನ್ನಾಗಿ ಗೊತ್ತಿರುವ ನಿವೃತ್ತ ಮೇಷ್ಟ್ರುಗಳೇ ಇದಕ್ಕೆ ಬೇಕು. ಅನುವಾದ ಮಾಡುವ ಹುಡುಗರಿಗೆ ಕಂಪ್ಯೂಟರ್ ಗೊತ್ತು, ಆದರೆ 'ಇದು ನಮ್ಮ ಮನೆಯಲ್ಲಿ ಆಡುವ ಮಾತಾ?' ಅಂತ ಕೇಳುವವರು ಕಡಿಮೆ. ಪ್ರಿಂಟರ್ ವಿಷಯಕ್ಕೆ, ಬೆಂಗಳೂರಿನಲ್ಲಿ ಫಾಸ್ ಯುನೈಟೆಡ್ ಅನ್ನುವ ಮುಕ್ತ ತಂತ್ರಾಂಶ ಸಂಘಟನೆಯ ಮೀಟಪ್‌ಗಳು ನಡೆಯುತ್ತವೆ, ಅಲ್ಲಿ ಕೇಳಿ ನೋಡಿ. ಇಂಥದ್ದರಲ್ಲಿ ಆಸಕ್ತಿ ಇರುವವರು ಯಾರಾದರೂ ಸಿಗುತ್ತಾರೆ.

ಲೆಕ್ಕದ_ಪುಸ್ತಕ

ದೇವಸ್ಥಾನದ ಲೆಕ್ಕ ಏನಾಯಿತು?

ಹನುಮಂತನಗರ_ಮಗಳು

ಕ್ಯಾಲ್ಕ್‌ನಲ್ಲೇ ಇದೆ. ಹಳೆ ಎಕ್ಸೆಲ್ ಫೈಲು ಹಾಗೇ ತೆರೆಯಿತು, ಮೊತ್ತ ಎಲ್ಲಾ ಸರಿ ಇತ್ತು. ಒಂದೇ ಒಂದು ಹಾಳೆಯಲ್ಲಿ ಬಣ್ಣ ಬದಲಾಗಿತ್ತು. ಗ್ನುಕ್ಯಾಶ್ ಏಪ್ರಿಲ್‌ನಲ್ಲಿ, ಹೊಸ ಲೆಕ್ಕದ ವರ್ಷದಿಂದ ಶುರು ಮಾಡುತ್ತಾರಂತೆ.

ಬನಶಂಕರಿಯವರೇ, ನಿಮಗೆ ಅಪ್ಪನ ಮೊದಲ ಅಧ್ಯಾಯ ಕಳಿಸಿದ್ದೇನೆ. ಅವರೇ ಕಳಿಸು ಅಂದರು. ಬಿಡುವಾದಾಗ ಕೇಳಿ.

ಬನಶಂಕರಿ_ಕಿವಿ

ನಿನ್ನೆ ರಾತ್ರಿ ಪೂರ್ತಿ ಕೇಳಿದೆ. ಎರಡು ಸಲ. ಮಳೆಗಾಲದಲ್ಲಿ ಹೊಳೆ ದಾಟಿ ಶಾಲೆಗೆ ಹೋಗುವಾಗ ಸ್ಲೇಟನ್ನು ತಲೆ ಮೇಲೆ ಹಿಡಿದುಕೊಳ್ಳುವ ಭಾಗ ಇದೆಯಲ್ಲ, ಅಲ್ಲಿ ಸ್ಲೇಟಿನ ಮೇಲೆ ಹನಿ ಬೀಳುವ ಸದ್ದು ಬರೆದಿದ್ದಾರೆ. ಅದನ್ನು ಕೇಳುವಾಗ ಯಂತ್ರದ ದನಿ ಅನ್ನುವುದು ಮರೆತೇಹೋಯಿತು. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಒಂದು ಕಡೆ ಮಾತ್ರ ಎನ್‌ವಿಡಿಎ ತಡವರಿಸಿತು. ಹೊಸ ಹೆಡ್‌ಮಾಸ್ಟರ್ ಬಂದ ಪ್ಯಾರಾದಲ್ಲಿ 'ತರಗರ್ತಿ' ಅಂತ ಓದಿತು. ಅಕ್ಷರ ಅಕ್ಷರವಾಗಿ ಕೇಳಿಸಿಕೊಂಡೆ, ಹಾಗೇ ಇದೆ. ಅದು 'ತರಗತಿ ೯' ಇರಬೇಕು ಅಲ್ವಾ?

ಹನುಮಂತನಗರ_ಮಗಳು

ಹೌದು! ಹಳೆ ಪ್ರಿಂಟ್ ತೆಗೆದು ನೋಡಿದೆವು. 'ತರಗತಿ೯' ಅಂತ ಜಾಗ ಬಿಡದೆ ಇತ್ತು. ನಾವಿಬ್ಬರೂ ಮೂರು ಸಲ ಓದಿ ಕೂಡ ಬಿಟ್ಟಿದ್ದೆವು. ಅಪ್ಪ ಈಗಷ್ಟೇ ತಿದ್ದಿದರು. ಉಳಿದ ಫೈಲುಗಳಲ್ಲಿ 'ತರಗರ್ತಿ' ಹುಡುಕುತ್ತಿದ್ದಾರೆ, ಇನ್ನೂ ಎರಡು ಸಿಕ್ಕಿದೆ. ಎರಡನೇ ಅಧ್ಯಾಯ ನಾಳೆ ಬೆಳಿಗ್ಗೆ ಕಳಿಸುತ್ತೇನೆ.